ಕೈಗೆ ಪರೀಕ್ಷೆ, ಬಾಟಲಿಗೆ ರಿಯಾಯಿತಿ

ಅಮೆರಿಕದ ಶಿಸ್ತಿನ ಮಾತು ಬಂದಾಗ ನಮ್ಮಲ್ಲಿ ಹಲವರು ಮೆಚ್ಚಿ ಹೇಳುವ ಸಂಗತಿಯೊಂದಿದೆ: ಅಲ್ಲಿ ತಲೆಗೂದಲು ಕತ್ತರಿಸುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕು. ಮಾತು ನಿಜ. ಅಲ್ಲಿನ ಎಲ್ಲ ರಾಜ್ಯಗಳಲ್ಲಿಯೂ ಕೂದಲು ಕತ್ತರಿಸುವ, ಬಣ್ಣ ಹಚ್ಚುವ, ನೇರ ಮಾಡುವ, ಗುಂಗುರು ಮಾಡುವ ಕೆಲಸಕ್ಕೆ ಇಳಿಯಬಯಸುವವರು ಸಾಮಾನ್ಯವಾಗಿ ಮಾನ್ಯತೆ ಪಡೆದ ಶಾಲೆಯಲ್ಲಿ ಸಾವಿರ, ಸಾವಿರದೈನೂರು ಗಂಟೆ ಕಲಿತು ಪರೀಕ್ಷೆ ಪಾಸು ಮಾಡಿರಬೇಕು. ಲೈಸೆನ್ಸ್ ಇಲ್ಲದೆ ದುಡ್ಡು ತೆಗೆದುಕೊಂಡು ಇನ್ನೊಬ್ಬರ ತಲೆಗೆ ಕೈಹಾಕಿದರೆ ದಂಡ ತೆರಬೇಕು. ಕೆಲವು ರಾಜ್ಯಗಳಲ್ಲಿ ಅದು ಕ್ರಿಮಿನಲ್ ಅಪರಾಧವೂ ಹೌದು.

ಈ ಏರ್ಪಾಡನ್ನು ಮೆಚ್ಚುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಗುರುತು ಪರಿಚಯವಿಲ್ಲದವರ ಕೈಯಲ್ಲಿರುವ ಕತ್ತಿಗೆ ನಾವು ಕುತ್ತಿಗೆ ಒಡ್ಡಿ ಕೂರುತ್ತೇವೆ, ಕಣ್ಣಿನ ಪಕ್ಕದಲ್ಲೇ ರಾಸಾಯನಿಕ ಹಚ್ಚಿಸಿಕೊಳ್ಳುತ್ತೇವೆ. ಅಲ್ಲಿ ಸರ್ಕಾರದ ಕಣ್ಣು ಇರಲಿ ಎಂದು ಬಯಸುವುದು ನ್ಯಾಯವೇ. ಆ ಕಾಳಜಿ ನನ್ನದೂ ಹೌದು. ಆದರೆ ಅಮೆರಿಕದ ರಾಜ್ಯಗಳು ಆ ಕಣ್ಣನ್ನು ನೂರಕ್ಕೂ ಹೆಚ್ಚು ವರ್ಷ ತಪ್ಪು ಕಡೆಗೆ ನೆಟ್ಟಿದ್ದವು ಎಂಬುದು ನನ್ನ ವಾದ. ಕೆಲಸ ಮಾಡುವ ಕೈಗೆ ಅವು ಪರೀಕ್ಷೆಯ ಮೇಲೆ ಪರೀಕ್ಷೆ ಇಟ್ಟವು. ಆ ಕೈ ಹಿಡಿದ ಬಾಟಲಿಯಲ್ಲಿ ಏನಿದೆ ಎಂದು ಕೇಳುವುದನ್ನು ಬಹುಕಾಲ ಮರೆತವು.

ನಮಗೆ ಹತ್ತಿರದ ಉದಾಹರಣೆಯಿಂದಲೇ ಶುರುಮಾಡೋಣ. ಐಬ್ರೋ ಮಾಡಿಸಿಕೊಳ್ಳುವುದು ನಮ್ಮ ಯಾವ ಸಣ್ಣ ಊರಿನ ಪಾರ್ಲರಿನಲ್ಲಿಯೂ ಹತ್ತು ನಿಮಿಷದ ಕೆಲಸ. ಹತ್ತಿಯ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳ ನಡುವೆ ಹೆಣೆದು, ಸರಸರನೆ ಕೂದಲು ಕೀಳುವ ಈ ಕಲೆ ಭಾರತದಿಂದ, ಪಶ್ಚಿಮ ಏಷ್ಯಾದಿಂದ ವಲಸೆ ಹೋದ ಹೆಂಗಸರ ಜೊತೆಗೇ ಟೆಕ್ಸಾಸಿನ ಮಾಲ್‌ಗಳಿಗೆ ಹೋಯಿತು. ಅಲ್ಲಿ ಬಿಸಿ ಮೇಣವಿಲ್ಲ, ರಾಸಾಯನಿಕವಿಲ್ಲ, ಹರಿತವಾದ ಉಪಕರಣವೂ ಇಲ್ಲ. ಟೆಕ್ಸಾಸ್ ಸರ್ಕಾರ ಮಾತ್ರ ಇದಕ್ಕೂ ಚರ್ಮ ಆರೈಕೆಯ ಲೈಸೆನ್ಸ್ ಬೇಕು, ಅದಕ್ಕೆ 750 ಗಂಟೆಗಳ ತರಬೇತಿ ಆಗಿರಬೇಕು ಎಂದಿತು. ತರಬೇತಿಯ ಖರ್ಚು ಮೂರೂವರೆ ಸಾವಿರದಿಂದ ಒಂಬತ್ತು ಸಾವಿರ ಡಾಲರ್. ಮಾಲ್‌ಗಳಲ್ಲಿ ದುಡಿಯುತ್ತಿದ್ದವರಿಗೆ ದಂಡದ ನೋಟಿಸು ಬಂತು. ಅವರು, ಅವರ ಅಂಗಡಿಗಳ ಮಾಲೀಕರು ಸೇರಿ ಕೋರ್ಟಿಗೆ ಹೋದರು. ಪಟೇಲ್ ಪ್ರಕರಣ ಎಂದೇ ಹೆಸರಾದ ಆ ಮೊಕದ್ದಮೆಯಲ್ಲಿ 2015ರ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು.

ತೀರ್ಪಿನಲ್ಲಿ ನನ್ನನ್ನು ಬಹಳ ಕಾಡಿದ ವಿವರವೊಂದಿದೆ. ಲೈಸೆನ್ಸಿಗೆ ಕಡ್ಡಾಯವಾಗಿದ್ದ ಪಾಠಪಟ್ಟಿಯಲ್ಲಿ ದಾರದ ಕೆಲಸ ಕಲಿಸಲೇಬೇಕೆಂಬ ನಿಯಮವಿರಲಿಲ್ಲ. ಪರೀಕ್ಷೆಯಲ್ಲಿಯೂ ಅದನ್ನು ಕೇಳುತ್ತಿರಲಿಲ್ಲ. 750 ಗಂಟೆಗಳಲ್ಲಿ ಕನಿಷ್ಠ 320 ಗಂಟೆಗಳಿಗೂ ಈ ಕೆಲಸದ ಸುರಕ್ಷತೆಗೂ ಸಂಬಂಧವಿಲ್ಲ ಎಂಬುದನ್ನು ನ್ಯಾಯಾಲಯ ಗುರುತಿಸಿತು. ಅಂದರೆ ಬಾಲ್ಯದಿಂದ ಈ ವಿದ್ಯೆ ಬಲ್ಲ ಹೆಂಗಸು, ಅದನ್ನು ಹೇಳಿಕೊಡದ ಶಾಲೆಗೆ ಸಾವಿರಗಟ್ಟಲೆ ಡಾಲರ್ ಕೊಟ್ಟು, ಅದನ್ನು ಕೇಳದ ಪರೀಕ್ಷೆ ಬರೆದು, ಆಮೇಲೆ ಅದನ್ನೇ ಮಾಡಲು ಅನುಮತಿ ಪಡೆಯಬೇಕಿತ್ತು. ಶುಚಿತ್ವದ ನಿಯಮ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ದಾರ ಒಬ್ಬರಿಂದ ಒಬ್ಬರಿಗೆ ಹೋಗಬಾರದು, ಕೈ ತೊಳೆಯಬೇಕು, ಚರ್ಮ ಕೆಂಪಾಗಿದ್ದರೆ ಮುಟ್ಟಬಾರದು. ಇವು ಬೇಕೇ ಬೇಕು. ಇವನ್ನು ಹೇಳಿಕೊಡಲು 750 ಗಂಟೆ ಬೇಡ.

ಗಂಟೆಗಳ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕಿದರೆ ಸಮಾಧಾನದ ಉತ್ತರ ಸಿಗುವುದಿಲ್ಲ. ಮಿಸಿಸಿಪ್ಪಿ ನದಿಯ ಒಂದು ದಡದಲ್ಲಿ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿದೆ, ಎದುರು ದಡದಲ್ಲಿ ಇಲಿನಾಯ್ ರಾಜ್ಯದ ರಾಕ್ ಐಲೆಂಡ್. ನಡುವೆ ಸೇತುವೆ. 2023ರಲ್ಲಿ ಕಾನೂನು ಬದಲಾಗುವವರೆಗೆ ಅಯೋವಾದಲ್ಲಿ ಕೂದಲ ಕೆಲಸದ ಲೈಸೆನ್ಸಿಗೆ 2100 ಗಂಟೆ, ಇಲಿನಾಯ್‌ನಲ್ಲಿ 1500. ನ್ಯೂಯಾರ್ಕಿನಲ್ಲಿ, ಮ್ಯಾಸಚೂಸೆಟ್ಸಿನಲ್ಲಿ 1000. ಸೇತುವೆ ದಾಟಿದ ಮಾತ್ರಕ್ಕೆ ತಲೆಗೂದಲು ಆರುನೂರು ಗಂಟೆಯಷ್ಟು ಅಪಾಯಕಾರಿ ಆಗುವುದಿಲ್ಲ. ಸಾವಿರ ಗಂಟೆಯವರ ಕೈಯಲ್ಲಿ ನ್ಯೂಯಾರ್ಕಿನ ಜನ ಹೆಚ್ಚು ಗಾಯಗೊಂಡರೆಂದು ಅಯೋವಾದವರೂ ವಾದಿಸಲಿಲ್ಲ.

ಈ ಚರ್ಚೆಯಲ್ಲಿ ಪದೇ ಪದೇ ಕೇಳಿಬರುವ ಹೋಲಿಕೆಯೊಂದಿದೆ: ಆ್ಯಂಬುಲೆನ್ಸಿನಲ್ಲಿ ಜೀವ ಉಳಿಸುವ ತುರ್ತು ಸಿಬ್ಬಂದಿಗೆ ಮೊದಲ ಹಂತದಲ್ಲಿ ಬೇಕಾದ ತರಬೇತಿ ಸುಮಾರು 150ರಿಂದ 200 ಗಂಟೆ ಮಾತ್ರ, ಕೂದಲು ಕತ್ತರಿಸುವವರಿಗೆ ಅದರ ಹಲವು ಪಟ್ಟು. ಸಂಖ್ಯೆ ಸರಿ. ಆದರೂ ಈ ಹೋಲಿಕೆಯ ಮೇಲೆ ನಾನು ಭಾರ ಹಾಕುವುದಿಲ್ಲ. ಆ್ಯಂಬುಲೆನ್ಸಿನವರ ತರಬೇತಿ ಕಡಿಮೆಯಾಯಿತೇನೋ ಎಂಬ ಪ್ರಶ್ನೆಯೂ ಅದರಿಂದ ಏಳಬಹುದು. ಕೂದಲ ಕೆಲಸದ ಗಂಟೆಗಳನ್ನು ಆ ಕೆಲಸದ ಅಪಾಯದಿಂದಲೇ ಅಳೆಯಬೇಕು. ಹಾಗೆ ಅಳೆಯಲು ಹೊರಟರೆ ಅಪಾಯ ನಿಜವಾಗಿ ಎಲ್ಲಿತ್ತು ಎಂದು ಇತಿಹಾಸವನ್ನು ಕೇಳಬೇಕಾಗುತ್ತದೆ.

ಕ್ಷೌರಿಕರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಮೊದಲ ರಾಜ್ಯ ಮಿನೆಸೋಟಾ, 1897ರಲ್ಲಿ. ಆಗಿನ ಭಯಕ್ಕೆ ಆಧಾರವಿತ್ತು. ಒಂದೇ ಟವೆಲು, ಒಂದೇ ಬ್ರಷ್ಷು, ಒಂದೇ ಸೋಪಿನ ಬಟ್ಟಲು ದಿನವಿಡೀ ಹತ್ತಾರು ಗಲ್ಲಗಳ ಮೇಲೆ ಓಡಾಡುತ್ತಿತ್ತು. ಗಡ್ಡದ ಜಾಗದಲ್ಲಿ ಏಳುವ ಕೀವುಗುಳ್ಳೆಗಳಿಗೆ ಕ್ಷೌರಿಕರ ಹೆಸರೇ ಅಂಟಿತ್ತು. ರೋಗಾಣು ಸಿದ್ಧಾಂತ ಹೊಸದಾಗಿ ಜನರ ಬಾಯಿಗೆ ಬರುತ್ತಿದ್ದ ಕಾಲ ಅದು. ಆದರೆ ಕಾನೂನಿಗಾಗಿ ಒತ್ತಾಯಿಸಿದವರಲ್ಲಿ ವೈದ್ಯರಷ್ಟೇ ಇರಲಿಲ್ಲ. 1887ರಲ್ಲಿ ಸ್ಥಾಪನೆಯಾದ ಕ್ಷೌರ ಕಾರ್ಮಿಕರ ರಾಷ್ಟ್ರೀಯ ಯೂನಿಯನ್ ಮುಂಚೂಣಿಯಲ್ಲಿತ್ತು. ಕಡಿಮೆ ದರದ ಪೈಪೋಟಿ ತಪ್ಪಿಸುವುದು, ವೃತ್ತಿಗೆ ಮರ್ಯಾದೆ ತರುವುದು ಅದರ ಗುರಿ.

ಆ ಮರ್ಯಾದೆ ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದಕ್ಷಿಣದಲ್ಲಿ ಒಳ್ಳೆಯ ಕ್ಷೌರದಂಗಡಿಗಳು ಬಹುಮಟ್ಟಿಗೆ ಕಪ್ಪು ಜನರ ಕೈಯಲ್ಲಿದ್ದವು. ಗುಲಾಮರಾಗಿ 1858ರಲ್ಲಿ ಹುಟ್ಟಿದ ಅಲೊನ್ಜೊ ಹರ್ನ್‌ಡನ್ ಅಟ್ಲಾಂಟಾದ ಪೀಚ್‌ಟ್ರೀ ರಸ್ತೆಯಲ್ಲಿ ಭವ್ಯವಾದ ಸಲೂನ್ ನಡೆಸಿ, ಆ ದುಡಿಮೆಯಿಂದ ದೊಡ್ಡ ವಿಮಾ ಕಂಪನಿಯನ್ನೇ ಕಟ್ಟಿದರು. ಅದೇ ಅಟ್ಲಾಂಟಾ ನಗರ 1926ರಲ್ಲಿ, ಕಪ್ಪು ಕ್ಷೌರಿಕರು ಬಿಳಿಯ ಹೆಂಗಸರ, ಮಕ್ಕಳ ಕೂದಲು ಕತ್ತರಿಸಬಾರದೆಂದು ಕಟ್ಟಳೆ ಹೊರಡಿಸಿತು. ಬಾಬ್ ಕಟ್ ಫ್ಯಾಷನ್ನಾಗಿ ಹೆಂಗಸರೂ ಕ್ಷೌರದಂಗಡಿಗೆ ಬರತೊಡಗಿದ್ದ ದಿನಗಳವು. ಆ ಕಟ್ಟಳೆಯನ್ನು ನ್ಯಾಯಾಲಯ ಹೊಡೆದುಹಾಕಿತು. ಲೈಸೆನ್ಸ್ ಕಾನೂನುಗಳೆಲ್ಲ ಇಂಥ ದುರುದ್ದೇಶದಿಂದ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಯಾರು ಯಾರ ತಲೆ ಮುಟ್ಟಬಹುದು ಎಂದು ನಿರ್ಧರಿಸುವ ಅಧಿಕಾರ ಕೈಗೆ ಬಂದರೆ ಅದು ಆರೋಗ್ಯದ ಹೆಸರಿನಲ್ಲಿ ಎಲ್ಲಿಗೆಲ್ಲ ಹೋಗಬಲ್ಲದು ಎಂಬುದನ್ನು ಮರೆಯಬಾರದು, ಅಷ್ಟೇ.

ಇನ್ನು ನಿಜವಾದ ರೋಗದ ಕಥೆ. 1915ರಿಂದ 1924ರ ನಡುವೆ ಅಮೆರಿಕ, ಬ್ರಿಟನ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ, ಬಹುಪಾಲು ಸೈನಿಕರಿಗೆ, ಮುಖದ ಮೇಲೆ ಆಂಥ್ರಾಕ್ಸ್ ಹುಣ್ಣು ಬಂತು. ಕಾರಣ ಕ್ಷೌರದ ಬ್ರಷ್ಷು. ಮಹಾಯುದ್ಧದಿಂದಾಗಿ ಬ್ಯಾಡ್ಜರ್ ಪ್ರಾಣಿಯ ರೋಮ ಸಿಗುವುದು ಕಷ್ಟವಾಗಿ, ಚೀನಾ, ಜಪಾನ್, ರಷ್ಯಾಗಳಿಂದ ತಂದ ಕುದುರೆ ಕೂದಲನ್ನು ಸರಿಯಾಗಿ ಶುದ್ಧ ಮಾಡದೆ ಬ್ರಷ್ಷಿಗೆ ಕಟ್ಟಿದ್ದರು. ಕ್ಷೌರಿಕ ಎಷ್ಟೇ ನುರಿತವನಾಗಿದ್ದರೂ ಆ ಬ್ರಷ್ಷಿನಲ್ಲಿ ಅಡಗಿದ್ದ ರೋಗಾಣುವನ್ನು ಕಾಣುವುದು ಅವನಿಂದ ಸಾಧ್ಯವಿರಲಿಲ್ಲ. ಬ್ರಿಟನ್ 1920ರಲ್ಲಿ ಜಪಾನಿನ ಬ್ರಷ್ಷುಗಳ ಆಮದನ್ನೇ ನಿಲ್ಲಿಸಿತು. ಅಲ್ಲಿ ಕಾನೂನು ಬ್ರಷ್ಷನ್ನು ಹಿಡಿಯಿತು. ಅಂಥ ಅಪಾಯಕ್ಕೆ ಮದ್ದೆಂದು ಕ್ಷೌರಿಕನ ಶಾಲೆಯ ಗಂಟೆಗಳನ್ನು ಹೆಚ್ಚಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಬಾಟಲಿಯ ವಿಷಯದಲ್ಲಿ ಆದದ್ದು ಇದೇ. 1933ರಲ್ಲಿ ಲ್ಯಾಷ್ ಲ್ಯೂರ್ ಎಂಬ ರೆಪ್ಪೆಯ ಬಣ್ಣ ಅಮೆರಿಕದ ಪಾರ್ಲರುಗಳಲ್ಲಿ ಜನಪ್ರಿಯವಾಗಿತ್ತು. ಅದರಲ್ಲಿದ್ದದ್ದು ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡೈಅಮೀನ್. ಹಚ್ಚಿಸಿಕೊಂಡ ಮಹಿಳೆಯೊಬ್ಬರು ಕಣ್ಣು ಕಳೆದುಕೊಂಡರು. ಅವರ ಚಿತ್ರ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಏರ್ಪಡಿಸಿದ್ದ ಪ್ರದರ್ಶನದಲ್ಲಿ ದೇಶದ ಮನ ಕಲಕಿತು. 1906ರ ಆಹಾರ, ಔಷಧ ಕಾನೂನಿನ ವ್ಯಾಪ್ತಿಗೆ ಸೌಂದರ್ಯವರ್ಧಕಗಳು ಬರುತ್ತಲೇ ಇರಲಿಲ್ಲವಾದ್ದರಿಂದ ಸರ್ಕಾರ ಅದನ್ನು ಮಾರುಕಟ್ಟೆಯಿಂದ ಎತ್ತಿಸಲು 1938ರ ಹೊಸ ಕಾನೂನಿನವರೆಗೆ ಕಾಯಬೇಕಾಯಿತು. ಆ ಹೊತ್ತಿಗಾಗಲೇ ಹಲವು ರಾಜ್ಯಗಳಲ್ಲಿ ಪಾರ್ಲರ್ ಕೆಲಸಕ್ಕೆ ಲೈಸೆನ್ಸ್ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವ ಮಂಡಳಿಗಳು 1927ರವು. ಬಣ್ಣ ಹಚ್ಚುವ ಕೈಗೆ ಸರ್ಕಾರದ ಮುದ್ರೆ ಬಂದ ಮೇಲೂ ಬಣ್ಣ ಕಾನೂನಿನ ಹೊರಗೇ ಉಳಿದಿತ್ತು.

1938ರ ಕಾನೂನು ಬಂದಾಗಲೂ ಒಂದು ಕಿಂಡಿ ಉಳಿಯಿತು. ಡಾಂಬರಿನ ಮೂಲದಿಂದ ತಯಾರಾಗುವ ಹೇರ್ ಡೈಗಳು, ಚರ್ಮ ಕೆರಳಬಹುದು, ಮೊದಲು ಪರೀಕ್ಷಿಸಿ ನೋಡಿ, ರೆಪ್ಪೆ ಹುಬ್ಬುಗಳಿಗೆ ಹಚ್ಚಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆ ಹೊತ್ತಿದ್ದರೆ ಸಾಕು, ಅಪಾಯಕಾರಿ ಎಂಬ ಕಾರಣಕ್ಕೆ ಅವನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. ಈ ಎಚ್ಚರಿಕೆ ಎಲ್ಲೋ ಓದಿದಂತಿದೆ ಎಂದು ನಿಮಗೆ ಅನ್ನಿಸಿದರೆ ಅದು ಸಹಜ. ನಮ್ಮ 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳು ಹೇರ್ ಡೈ ಪೊಟ್ಟಣದ ಮೇಲೆ ಇರಬೇಕೆಂದು ಹೇಳಿದ ಎಚ್ಚರಿಕೆ ಬಹುತೇಕ ಇದೇ. ನಮ್ಮ ಕಿರಾಣಿ ಅಂಗಡಿಯಲ್ಲಿ ನೇತಾಡುವ ಹತ್ತಿಪ್ಪತ್ತು ರೂಪಾಯಿಯ ಪೊಟ್ಟಣದ ಹಿಂದೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಅದು ಇರುತ್ತದೆ.

ಇದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಸಂಗತಿ. ಅಮೆರಿಕದಲ್ಲಿ ಅಂಗಡಿಯಿಂದ ಮನೆಗೆ ಕೊಂಡೊಯ್ಯುವ ಶಾಂಪೂ ಮೇಲೆ ಅದರೊಳಗಿನ ಪದಾರ್ಥಗಳ ಪಟ್ಟಿ ಇರಲೇಬೇಕು. ಸಲೂನುಗಳಿಗೆಂದೇ ತಯಾರಾಗುವ ವೃತ್ತಿಪರ ಉತ್ಪನ್ನಗಳಿಗೆ ಮಾತ್ರ ಆ ನಿಯಮ ದಶಕಗಳ ಕಾಲ ಅನ್ವಯಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ಮಾಡಿ 2020ರ ಜುಲೈನಿಂದ ಪಟ್ಟಿ ಕಡ್ಡಾಯ ಮಾಡಿತು. ದೇಶಕ್ಕೆಲ್ಲ ಅದು ಅನ್ವಯವಾದದ್ದು 2022ರ ಕೊನೆಯಲ್ಲಿ ಸೌಂದರ್ಯವರ್ಧಕಗಳ ಕಾನೂನನ್ನು ಹೊಸದಾಗಿ ತಿದ್ದಿದ ಮೇಲೆ. ಅಪಾಯಕಾರಿ ಉತ್ಪನ್ನವನ್ನು ಹಿಂದಕ್ಕೆ ಕರೆಸಿಕೊಳ್ಳಿ ಎಂದು ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಎಫ್‌ಡಿಎಗೆ ಸಿಕ್ಕಿದ್ದೂ ಆ ತಿದ್ದುಪಡಿಯಿಂದಲೇ. 2020ರವರೆಗೆ ಕ್ಯಾಲಿಫೋರ್ನಿಯಾದಲ್ಲಿ 1600 ಗಂಟೆ ಕಲಿತು, ರಸಾಯನಶಾಸ್ತ್ರದ ಪಾಠವನ್ನೂ ಓದಿ ಲೈಸೆನ್ಸ್ ಪಡೆದ ಹೆಣ್ಣುಮಗಳಿಗೆ, ತಾನು ದಿನಕ್ಕೆ ಹತ್ತು ಸಲ ಕೈಗೆ ಸುರಿದುಕೊಳ್ಳುವ ಬಾಟಲಿಯಲ್ಲಿ ಏನೇನಿದೆಯೆಂಬ ಪೂರ್ತಿ ಪಟ್ಟಿಯನ್ನು ಲೇಬಲ್ಲಿನಲ್ಲಿ ನೋಡುವ ಹಕ್ಕು ಕಾನೂನಿನಲ್ಲಿ ಇರಲಿಲ್ಲ. ಪಾಠ ಕಲಿಯಲೇಬೇಕೆಂದು ಕಡ್ಡಾಯ ಮಾಡಿದ ವ್ಯವಸ್ಥೆ, ಆ ಪಾಠ ಬಳಕೆಗೆ ಬರಲು ಬೇಕಾದ ಮಾಹಿತಿಯನ್ನು ಕೊಡಿಸಲಿಲ್ಲ.

ಇದರ ಫಲ 2010ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕಾಣಿಸಿತು. ಬ್ರೆಜಿಲಿಯನ್ ಬ್ಲೋಔಟ್ ಎಂಬ ಕೂದಲು ನೇರ ಮಾಡುವ ದ್ರಾವಣ ಬಳಸುತ್ತಿದ್ದ ಸಲೂನಿನ ಕೆಲಸಗಾರ್ತಿಯರಿಗೆ ಕಣ್ಣುರಿ, ಉಸಿರಾಟದ ತೊಂದರೆ, ಮೂಗಿನಲ್ಲಿ ರಕ್ತ. ಬಾಟಲಿಯ ಮೇಲೆ ಫಾರ್ಮಾಲ್ಡಿಹೈಡ್ ಇಲ್ಲ ಎಂದು ಬರೆದಿತ್ತು. ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ ಸರಾಸರಿ ಶೇಕಡ 8ಕ್ಕಿಂತ ಹೆಚ್ಚು ಫಾರ್ಮಾಲ್ಡಿಹೈಡ್ ಸಿಕ್ಕಿತು. ನೀರಿನೊಡನೆ ಬೆರೆತಾಗ ಅದು ಮಿಥಿಲೀನ್ ಗ್ಲೈಕಾಲ್ ಎಂಬ ಬೇರೆ ಹೆಸರು ಧರಿಸುತ್ತದೆ. ಇನ್ನೂರು ಡಿಗ್ರಿ ದಾಟಿದ ಇಸ್ತ್ರಿಯನ್ನು ಕೂದಲ ಮೇಲೆ ಎಳೆದಾಗ ಮತ್ತೆ ಅನಿಲವಾಗಿ ಏಳುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿತ್ತು. 2011ರಲ್ಲಿ ಎಫ್‌ಡಿಎ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. 2012ರಲ್ಲಿ ಅದೇ ಕಂಪನಿಯ ಮೇಲಿನ ಕ್ಯಾಲಿಫೋರ್ನಿಯಾ ಸರ್ಕಾರದ ಮೊಕದ್ದಮೆ ಆರು ಲಕ್ಷ ಡಾಲರ್ ಮತ್ತು ಎಚ್ಚರಿಕೆಯ ಲೇಬಲ್ಲಿನೊಂದಿಗೆ ರಾಜಿಯಲ್ಲಿ ಮುಗಿಯಿತು. ದ್ರಾವಣ ಮಾರುಕಟ್ಟೆಯಲ್ಲಿ ಉಳಿಯಿತು. ಇಂಥ ಉತ್ಪನ್ನಗಳಲ್ಲಿ ಫಾರ್ಮಾಲ್ಡಿಹೈಡನ್ನು ದೇಶದಾದ್ಯಂತ ನಿಷೇಧಿಸುವ ಪ್ರಸ್ತಾವವನ್ನು ಎಫ್‌ಡಿಎ 2023ರಲ್ಲಿ ತನ್ನ ಕಾರ್ಯಸೂಚಿಗೆ ಸೇರಿಸಿತು. 2024ರ ಏಪ್ರಿಲ್ ಎಂಬ ಗಡುವು ದಾಟಿಹೋಯಿತು.

ಪೋರ್ಟ್‌ಲ್ಯಾಂಡಿನ ಆ ಹೆಂಗಸರು ಲೈಸೆನ್ಸ್ ಕೇಳುವ ರಾಜ್ಯದಲ್ಲಿ ದುಡಿಯುತ್ತಿದ್ದವರು. ಗಿರಾಕಿಯನ್ನು ಕಾಪಾಡಲೆಂದು ಕಟ್ಟಿದ ವ್ಯವಸ್ಥೆಗೆ ದಿನವಿಡೀ ಆ ಹೊಗೆ ಕುಡಿಯುವವಳು ಕಾಣಿಸಲೇ ಇಲ್ಲ ಎಂಬುದು ನನ್ನ ದೊಡ್ಡ ಸಂಕಟ.

ಅಪಾಯ ಕೆಲಸಗಾರರಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಿಸ್ಟರ್ ಸ್ಟಡಿ 33,497 ಹೆಂಗಸರನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ: ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ ಎಪ್ಪತ್ತನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡ 1.64; ಪದೇ ಪದೇ ಬಳಸಿದವರಲ್ಲಿ ಶೇಕಡ 4.05. ಇದು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ, ಕಾಯಿಲೆಯೂ ಅಪರೂಪದ್ದು. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ವ್ಯತ್ಯಾಸ ಅದು. ಆ ಅಧ್ಯಯನದಲ್ಲಿ ನೇರ ಮಾಡಿಸಿಕೊಂಡವರಲ್ಲಿ ಸುಮಾರು ಶೇಕಡ 60ರಷ್ಟು ಕಪ್ಪು ಹೆಂಗಸರು. ಅದೇ ಹೊತ್ತಿನಲ್ಲಿ ರಾಸಾಯನಿಕವಿಲ್ಲದೆ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆಯುವ ಆಫ್ರಿಕಾದ ಸಂಪ್ರದಾಯಕ್ಕೆ ಕಾನೂನು ಅಡ್ಡ ನಿಂತಿತ್ತು. ಸಿಯೆರಾ ಲಿಯೋನ್‌ನಿಂದ ಯೂಟಾಗೆ ಬಂದ ತಾಯಿಯೊಬ್ಬಳು ಜಡೆ ಹೆಣೆದು ಸಂಪಾದಿಸಲು 2000 ಗಂಟೆ ಓದಬೇಕೆಂದು ರಾಜ್ಯ ಹೇಳಿತು. 2012ರಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ಅಸಾಂವಿಧಾನಿಕ ಎಂದರು. ಬಾಚಣಿಗೆ ಹಿಡಿದ ಕೈಯನ್ನು ತಡೆದು ರಾಸಾಯನಿಕದ ಡಬ್ಬಿಯನ್ನು ಒಳಗೆ ಬಿಟ್ಟ ಕಾನೂನನ್ನು ಸುರಕ್ಷತೆಯ ಕಾನೂನೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿಯವರೆಗೆ ತಲೆಯಾಡಿಸುತ್ತ ಬಂದ ಮುಕ್ತ ಮಾರುಕಟ್ಟೆಯ ಗೆಳೆಯರೊಂದಿಗೆ ಈಗ ನಾನು ಬೇರೆಯಾಗಬೇಕು. ಕೂದಲು ಕೆಟ್ಟರೆ ಮತ್ತೆ ಬೆಳೆಯುತ್ತದೆ, ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ, ಸರ್ಕಾರಕ್ಕೆ ಇಲ್ಲೇನು ಕೆಲಸ ಎಂದು ಅವರು ಕೇಳುತ್ತಾರೆ. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಊರಿನ ಒಂದೇ ನೇಲ್ ಸಲೂನಿನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಜನರ ಕಾಲುಗಳಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣುಗಳೆದ್ದವು. ಕಾಲು ನೆನೆಸುವ ಸುಳಿನೀರಿನ ತೊಟ್ಟಿಗಳಲ್ಲಿ ನೀರು ಹೀರುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಕಟ್ಟಿಕೊಂಡು, ಅಲ್ಲಿ ಕ್ಷಯರೋಗಾಣುವಿನ ದೂರದ ಸಂಬಂಧಿಯಾದ ಒಂದು ಬ್ಯಾಕ್ಟೀರಿಯಾ ಮನೆ ಮಾಡಿತ್ತು. ಮೇಲಿಂದ ನೋಡಿದರೆ ತೊಟ್ಟಿ ಥಳಥಳ ಹೊಳೆಯುತ್ತದೆ. ಜಾಲರಿ ಬಿಚ್ಚದೆ ಒಳಗಿನದು ಗಿರಾಕಿಗೆ ತಿಳಿಯುವುದಿಲ್ಲ. ಹುಣ್ಣು ಏಳುವುದೋ ವಾರಗಳ ಮೇಲೆ. ಗಿರಾಕಿಯ ಆಯ್ಕೆ ಇಂಥಲ್ಲಿ ಕೆಲಸಕ್ಕೆ ಬಾರದು. ಉಗುರಿನ ಕೆಲಸಕ್ಕೂ ಲೈಸೆನ್ಸ್ ಇರುವ ರಾಜ್ಯದಲ್ಲಿ ನಡೆದ ಘಟನೆ ಇದು. ಮರುವರ್ಷ ಕ್ಯಾಲಿಫೋರ್ನಿಯಾ ತಂದ ಪರಿಹಾರ ಹೆಚ್ಚಿನ ಗಂಟೆಗಳದ್ದಾಗಿರಲಿಲ್ಲ. ಕಾಲುತೊಟ್ಟಿಯನ್ನು ಹೇಗೆ, ಎಷ್ಟು ಸಲ ತೊಳೆಯಬೇಕು, ಜಾಲರಿಯನ್ನು ಯಾವಾಗ ಬಿಚ್ಚಿ ಉಜ್ಜಬೇಕು ಎಂಬ ನಿಯಮ ಬಂತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಗಂಟೆಗಳನ್ನು ಇಳಿಸಿದರೆ ಅನಾಹುತ ಆದೀತೇ? ಬ್ರಿಟನ್‌ನಲ್ಲಿ 1964ರ ಕಾನೂನಿನ ಪ್ರಕಾರ ಕೇಶ ವಿನ್ಯಾಸಕರ ನೋಂದಣಿ ಇಷ್ಟವಿದ್ದವರಿಗೆ ಮಾತ್ರ, ಕಡ್ಡಾಯವಲ್ಲ. ಅಲಬಾಮಾದಲ್ಲಿ 1980ರ ದಶಕದಿಂದ 2013ರವರೆಗೆ ರಾಜ್ಯಮಟ್ಟದ ಕ್ಷೌರಿಕ ಲೈಸೆನ್ಸೇ ಇರಲಿಲ್ಲ. ಎರಡೂ ಕಡೆ ಜನ ನಿಶ್ಚಿಂತೆಯಿಂದ ಕೂದಲು ಕತ್ತರಿಸಿಕೊಂಡರು.

ಗಂಟೆಗಳನ್ನು ಉಳಿಸಿಕೊಂಡು ಬಂದ ಶಕ್ತಿ ಯಾವುದು ಎಂದು ನೋಡಿದರೆ ಶಾಲೆಗಳು ಎದುರಾಗುತ್ತವೆ. ಎಷ್ಟು ಗಂಟೆಯೋ ಅಷ್ಟು ಶುಲ್ಕ. ಶುಲ್ಕಕ್ಕೆ ಫೆಡರಲ್ ಸರ್ಕಾರದ ಸಾಲ ಮತ್ತು ಅನುದಾನ. ಕೋರ್ಸಿನ ಖರ್ಚು ಸಾಮಾನ್ಯವಾಗಿ ಹತ್ತು ಸಾವಿರ ಡಾಲರ್ ದಾಟುತ್ತದೆ, ಆಮೇಲಿನ ದುಡಿಮೆ ಗಂಟೆಗೆ ಸುಮಾರು 17 ಡಾಲರ್. ಕಲಿಕೆಯ ದೊಡ್ಡ ಪಾಲು ಶಾಲೆಯ ಸಲೂನಿನಲ್ಲೇ ನಡೆಯುತ್ತದೆ. ಅಲ್ಲಿ ದುಡ್ಡು ಕೊಟ್ಟು ಬರುವ ಗಿರಾಕಿಗಳ ಕೂದಲನ್ನು ವಿದ್ಯಾರ್ಥಿಗಳು ಸಂಬಳವಿಲ್ಲದೆ ಕತ್ತರಿಸುತ್ತಾರೆ. ಅವರು ನೌಕರರಲ್ಲ, ವಿದ್ಯಾರ್ಥಿಗಳೇ ಎಂದು 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ಆ ಮೊಕದ್ದಮೆ ಮರಿನೆಲ್ಲೊ ಶಾಲೆಗಳ ಸರಣಿಗೆ ಸಂಬಂಧಿಸಿದ್ದು. ಶಿಕ್ಷಣ ಇಲಾಖೆ ನೆರವು ನಿಲ್ಲಿಸಿದ ಮೇಲೆ 2016ರ ಫೆಬ್ರವರಿಯಲ್ಲಿ ಆ ಶಾಲೆಗಳು ಒಮ್ಮೆಲೇ ಬಾಗಿಲು ಹಾಕಿದವು. 2022ರಲ್ಲಿ ಅವುಗಳ 28,000 ಹಳೆಯ ವಿದ್ಯಾರ್ಥಿಗಳ 23.8 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡುವಾಗ ಇಲಾಖೆ ಕೊಟ್ಟ ಕಾರಣ ಕೇಳಿ: ವಾರಗಟ್ಟಲೆ, ತಿಂಗಳುಗಟ್ಟಲೆ ಶಿಕ್ಷಕರೇ ಇರಲಿಲ್ಲ, ಕೂದಲು ಕತ್ತರಿಸುವುದು ಹೇಗೆ ಎಂಬಂಥ ಮೂಲ ವಿದ್ಯೆಯನ್ನೇ ಹೇಳಿಕೊಟ್ಟಿರಲಿಲ್ಲ. ಗಂಟೆಗಳ ಲೆಕ್ಕ ಮಾತ್ರ ಓಡುತ್ತಿತ್ತು. ಕಲಿತದ್ದನ್ನು ಅಳೆಯದೆ ಕುಳಿತದ್ದನ್ನು ಅಳೆಯುವ ಪದ್ಧತಿಯಲ್ಲಿ ಹೀಗಾಗಲು ಅವಕಾಶ ಇದ್ದೇ ಇರುತ್ತದೆ.

ಇಷ್ಟಾದರೂ ಲೈಸೆನ್ಸ್ ಪೂರ್ತಿ ರದ್ದಾಗಲಿ ಎಂಬ ಮಸೂದೆಗಳನ್ನು ಸ್ವತಃ ಕೆಲಸಗಾರ್ತಿಯರೇ ವಿರೋಧಿಸಿದ್ದಾರೆ. ಅವರದು ಬರೀ ಪೈಪೋಟಿಯ ಭಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕಾಲೇಜು ಮೆಟ್ಟಿಲು ಹತ್ತದ ಲಕ್ಷಾಂತರ ಹೆಂಗಸರಿಗೆ ಕನ್ನಡಿಯ ಪಕ್ಕದ ಆ ಸರ್ಟಿಫಿಕೇಟು, ನಾನು ವೃತ್ತಿ ಬಲ್ಲವಳು ಎಂದು ರಾಜ್ಯವೇ ಹೇಳಿದ ಮಾತು. ತಲೆಮಾರುಗಳಿಂದ ಕ್ಷೌರ ವೃತ್ತಿ ನಡೆಸಿಕೊಂಡು ಬಂದ ಸವಿತಾ ಸಮಾಜದವರು ಆ ವೃತ್ತಿಯ ಹೆಸರಿನಲ್ಲೇ ಅವಮಾನ ಉಂಡಿರುವ ನಮ್ಮ ನಾಡಿನಿಂದ ನೋಡುವಾಗ ಈ ಗೌರವದ ಬೆಲೆ ನಮಗೆ ಬೇಗ ತಿಳಿಯಬೇಕು. ನೋಂದಣಿಯಿಂದ ಬೇರೆ ಉಪಯೋಗವೂ ಇದೆ. ಇಲಿನಾಯ್ ರಾಜ್ಯ 2017ರಿಂದ ಲೈಸೆನ್ಸ್ ನವೀಕರಣಕ್ಕೆ, ಕೌಟುಂಬಿಕ ಹಿಂಸೆಯ ಗುರುತುಗಳನ್ನು ಅರಿಯುವ ಒಂದು ಗಂಟೆಯ ತರಬೇತಿ ಸೇರಿಸಿತು. ಗಂಡನ ಏಟು ತಿಂದ ಹೆಣ್ಣು ಯಾರಿಗೂ ತೋರಿಸದ ಬಾವು ಕೂದಲು ತೊಳೆಯುವವಳ ಬೆರಳಿಗೆ ಸಿಗುತ್ತದೆ. ಆ ಒಂದು ಗಂಟೆಯನ್ನು ನಾನು ಎಂದೂ ಕಡಿಮೆ ಮಾಡೆನ್ನುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಕತ್ತರಿ, ದಾರ, ಬಾಚಣಿಗೆ ಹಿಡಿಯುವವರಿಗೆ ಶುಚಿತ್ವದ ಸಣ್ಣ ಪಾಠ, ಒಂದು ಪರೀಕ್ಷೆ ಸಾಕು. ಬಣ್ಣ, ಬ್ಲೀಚು, ನೇರ ಮಾಡುವ ದ್ರಾವಣ ಮುಟ್ಟುವವರಿಗೆ ರಾಸಾಯನಿಕದ ಗಟ್ಟಿ ಪರೀಕ್ಷೆ ಇರಲಿ. ಎಲ್ಲಿ ಕಲಿತರು, ಎಷ್ಟು ಗಂಟೆ ಕೂತರು ಎಂಬುದು ಬೇಡ. ಪರವಾನಗಿಯ ಭಾರ ಅಂಗಡಿಯ ಮೇಲೆ ಬೀಳಲಿ: ಗಾಳಿ ಹೊರಹೋಗುವ ದಾರಿ, ತೊಟ್ಟಿಯ ಜಾಲರಿ, ಕತ್ತಿ ಅದ್ದುವ ದ್ರಾವಣ. ಅದನ್ನು ಹೇಳದೇ ಕೇಳದೇ ಬಂದು ನೋಡುವ ಇನ್‌ಸ್ಪೆಕ್ಟರ್ ಬೇಕು. ಅಷ್ಟು ಇನ್‌ಸ್ಪೆಕ್ಟರುಗಳು ಎಲ್ಲಿದ್ದಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಗಂಟೆಗಳ ಕಡತ ಕಾಯುವ, ಬೇರೆ ರಾಜ್ಯದ ಸರ್ಟಿಫಿಕೇಟನ್ನು ತೂಗಿ ನೋಡುವ ಕೆಲಸದಿಂದ ಮಂಡಳಿಗಳಿಗೆ ಬಿಡುವು ಕೊಟ್ಟರೆ ಸ್ವಲ್ಪ ಜನ ಅಲ್ಲೇ ಸಿಕ್ಕಾರು. ಬದಲಾವಣೆ ಶುರುವೂ ಆಗಿದೆ. ಕ್ಯಾಲಿಫೋರ್ನಿಯಾ 2022ರಿಂದ 1600 ಗಂಟೆಯನ್ನು 1000ಕ್ಕೆ ಇಳಿಸಿತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು 2025ರಿಂದ ಜಾರಿಗೆ ಬಂದ ಅದೇ ರಾಜ್ಯದ ಇನ್ನೊಂದು ಕಾನೂನು. ಫಾರ್ಮಾಲ್ಡಿಹೈಡ್ ಸೇರಿದಂತೆ ಇಪ್ಪತ್ತನಾಲ್ಕು ಪದಾರ್ಥಗಳನ್ನು ಅದು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ನಮ್ಮ ದೇಶದ ಕಾನೂನು ಅಮೆರಿಕದ್ದಕ್ಕೆ ತಿರುಗುಮುರುಗಾಗಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಹೇರ್ ಡೈ ತಯಾರಿಸುವ ಕಾರ್ಖಾನೆಗೆ ಲೈಸೆನ್ಸ್ ಬೇಕು. ಅದನ್ನು ಹಚ್ಚುವವರಿಗೆ ಬೇಡ. ಐಟಿಐಯ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸು ಇಷ್ಟವಿದ್ದವರಿಗೆ. ಬರಹದ ಮಟ್ಟಿಗೆ ನಮ್ಮದೇ ಸರಿಯಾದ ದಿಕ್ಕು ಎಂದು ನನಗನ್ನಿಸುತ್ತದೆ, ಜಾರಿಯ ಮಟ್ಟಿಗೆ ಹೇಳಲಾರೆ. ಕೆರಾಟಿನ್, ಸ್ಮೂದನಿಂಗ್ ಎಂಬ ಹೆಸರುಗಳಲ್ಲಿ ಅದೇ ಬಗೆಯ ಕೂದಲು ನೇರ ಮಾಡುವ ಚಿಕಿತ್ಸೆ ಈಗ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಪಾರ್ಲರುಗಳಲ್ಲಿ, ಎ.ಸಿ. ಹಾಕಿ ಕಿಟಕಿ ಮುಚ್ಚಿದ ಕೋಣೆಗಳಲ್ಲಿ ನಡೆಯುತ್ತಿದೆ. ನಾಳೆ ಇಲ್ಲಿ ಅನಾಹುತವೊಂದು ಸುದ್ದಿಯಾದರೆ, ಅಮೆರಿಕದಂತೆ ನಮ್ಮಲ್ಲಿಯೂ ಪಾರ್ಲರ್ ಹುಡುಗಿಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಎಂಬ ಕೂಗು ಏಳುತ್ತದೆ. ಊರಿನ ಮನೆಯ ಮುಂದಿನ ಕೋಣೆಯಲ್ಲಿ ದಾರ ಹಿಡಿದು ಸಂಸಾರ ತೂಗಿಸುವವಳ ಕೆಲಸ ಅದರಿಂದ ಮೊದಲು ಹೋಗುತ್ತದೆ. ಅದಕ್ಕೆ ಮುಂಚೆ ಇರುವ ನಿಯಮವನ್ನು ನಡೆಸಿ ಎಂದು ಕೇಳೋಣ. ಹೇರ್ ಡೈ ಎಚ್ಚರಿಕೆ ಒಳಗಿನ, ಹೊರಗಿನ ಎರಡೂ ಲೇಬಲ್‌ಗಳ ಮೇಲೆ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು 1945ರ ಆ ನಿಯಮಗಳೇ ಹೇಳಿದ್ದವು. ಪಾರ್ಲರಿನಲ್ಲಿ ಪೊಟ್ಟಣ ಪರದೆಯ ಹಿಂದೆ ಹರಿದು, ಬಣ್ಣ ಬಟ್ಟಲಲ್ಲಿ ಕಲಸಿ ತರುವುದರಿಂದ ಗಿರಾಕಿಗೆ ಆ ಲೇಬಲ್ ಕಾಣುವುದೇ ಇಲ್ಲ. ಪೊಟ್ಟಣವನ್ನು ಗಿರಾಕಿಯ ಎದುರಿಗೇ ಒಡೆಯಬೇಕು, ಕನ್ನಡದ ಆ ಎಚ್ಚರಿಕೆ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಿರಬೇಕು, ನಲವತ್ತೆಂಟು ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ನೋಡದೆ ತಲೆಗೆ ಹಾಕಬಾರದು.